ಮೀನುಗಳ ಸಾಲಾವಳಿ

ನಮ್ಮಂಥ ಸಸ್ಯಾಹಾರಿ ಮನೆತನದವರಿಗೆ ಮೀನಿನ ಪರಿಚಯವೆಂದರೆ, ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಪುರಿ ಎರಚಿದಾಗ ಒಂದರ ಬೆನ್ನಮೇಲೊಂದು ಏರಿಕೊಂಡು ಬರುವ ಆ ದೊಡ್ಡ ಮೀನುಗಳ ಪರಿಚಯ ಮಾತ್ರ. ಅವುಗಳಿಗೂ ನಮಗೂ ನಡುವೆ ಹರಿಯುವ ಹೊಳೆಯಿದೆ, ದೇವರ ಭಯವಿದೆ. ಅವು ತಮ್ಮತಮ್ಮೊಳಗೆ ಹೊಂದಿಕೊಂಡಿವೆಯೇ ಇಲ್ಲವೇ ಎಂಬ ಚಿಂತೆ ಯಾವ ಯಾತ್ರಿಕನನ್ನೂ ಕಾಡುವುದಿಲ್ಲ. ಇಂಥ ನನ್ನನ್ನು, ಅರವತ್ತಾರನೆಯ ವಯಸ್ಸಿನಲ್ಲಿ, ಬೆಳಗಿನ ಐದು ಗಂಟೆಗೆ ಯಾರದೋ ಮದುವೆಯ ಕರೆಯೋಲೆಯನ್ನು ದೊನ್ನೆಯಂತೆ ಮಡಿಸಿ ಸತ್ತ ಮೀನನ್ನು ಎತ್ತುವ ಸ್ಥಿತಿಗೆ ತಂದಿಟ್ಟದ್ದು ಎರಡು ಅಡಿ ಉದ್ದದ ಒಂದು ಗಾಜಿನ ತೊಟ್ಟಿ. ಅಡಿಗೆಮನೆಯ ಚಮಚವನ್ನು ಆ ಕೆಲಸಕ್ಕೆ ಮುಟ್ಟುವಂತಿರಲಿಲ್ಲವಲ್ಲ!

ನಮ್ಮ ಮನೆ ವಿಮಾನಪುರದಲ್ಲಿ. ನಮ್ಮವರು ಇಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ಕಾರ್ಖಾನೆಯದು. ಅದರ ಮಗ್ಗುಲಲ್ಲಿ ಬೆಳೆದ ಊರಿಗೆ ಬೇರಾವ ಹೆಸರೂ ಒಪ್ಪುತ್ತಿರಲಿಲ್ಲ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಯ ಕಡೆಗೆ ಹೊರಟುಹೋದುವಾದರೂ ಪರೀಕ್ಷೆಗೆಂದು ಹಾರುವ ವಿಮಾನಗಳ ಗುಡುಗು ನಮಗೆ ಇನ್ನೂ ಉಳಿದಿದೆ. ಗುಡುಗು ಕೇಳಿದಾಗ ಮಾತನ್ನು ಅರ್ಧಕ್ಕೆ ನಿಲ್ಲಿಸುವುದು, ಸದ್ದು ದಾಟಿದ ಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುವುದು, ಇದು ಇಲ್ಲಿ ಸಂಸಾರ ಮಾಡಿದವರೆಲ್ಲರ ಅಭ್ಯಾಸ. ಜಗಳವಾಡುವಾಗ ಈ ವಿರಾಮ ಬಹಳ ಉಪಕಾರಿ.

ಮೂರು ವರ್ಷದ ಹಿಂದೆ, ಮಾರ್ಚಿ ತಿಂಗಳಲ್ಲಿ, ನಮ್ಮ ಮೊಮ್ಮಗಳು ಪುಟ್ಟಿ ನಮ್ಮಲ್ಲಿಗೆ ಬಂದಳು. ಅವಳಿಗಾಗ ಏಳು ವರ್ಷ. ಅವಳ ತಾಯಿ, ಎಂದರೆ ನನ್ನ ಮಗಳು, ಎರಡನೆಯ ಬಸುರಿ. ಏಳನೆಯ ತಿಂಗಳಲ್ಲಿಯೇ ರಕ್ತದೊತ್ತಡ ಏರಿ, ವೈದ್ಯರು ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಅಳಿಯಂದಿರು ಕಛೇರಿಗೂ ಆಸ್ಪತ್ರೆಗೂ ನಡುವೆ ಗಡಿಯಾರದ ಲೋಲಕದಂತೆ ತೂಗುತ್ತಿದ್ದರು. ಮಗುವಿಗೆ ನಾವೆಲ್ಲ ಹೇಳಿದ್ದು ಒಂದೇ ಮಾತು: "ಅಮ್ಮ ಚೆನ್ನಾಗಿದ್ದಾಳೆ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ." ಈ ಮಾತು ಹೇಳುವಾಗ ದೊಡ್ಡವರ ಮುಖ ಹೇಗಿರುತ್ತದೆಂಬುದನ್ನು ಮಕ್ಕಳು ನೋಡುತ್ತಾರೆಂಬುದು, ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನನಗೂ ಆಗ ಮರೆತುಹೋಗಿತ್ತು.

ಅದೇ ವಾರ ಎದುರು ಮನೆಯವರು ಊರು ಬಿಟ್ಟು ಹೊರಡುವಾಗ ತಮ್ಮ ಬರಿದಾದ ಗಾಜಿನ ತೊಟ್ಟಿಯನ್ನು ನಮ್ಮ ಜಗಲಿಯ ಮೇಲೆ ಇಟ್ಟುಹೋದರು. ಪುಟ್ಟಿಯ ಮನಸ್ಸಿಗೆ ಒಂದು ಆಟವಾಯಿತೆಂದು ನಮಗೂ ಸಂತೋಷ. ನಮ್ಮವರಂತೂ ನಿವೃತ್ತರಾದ ಮೇಲೆ ಅಷ್ಟು ಉತ್ಸಾಹದಿಂದ ಯಾವ ಕೆಲಸಕ್ಕೂ ಕೈ ಹಾಕಿರಲಿಲ್ಲ. ತೊಟ್ಟಿಯ ಉದ್ದ ಎರಡು ಅಡಿ, ಅಗಲ ಒಂದು, ಎತ್ತರ ಒಂದು. ಕಂಠದವರೆಗೆ ತುಂಬಿದರೆ ಐವತ್ತಾರು ಲೀಟರು, ಮರಳು ಹಾಕಿ ಮೇಲೆ ಸ್ವಲ್ಪ ಬಿಟ್ಟರೆ ಹೆಚ್ಚು ಕಡಿಮೆ ಐವತ್ತು. ಆದ್ದರಿಂದ ಗಾಜು, ಮರಳು ಸೇರಿ ಎಪ್ಪತ್ತು ಕಿಲೋ ಭಾರ ಹೊರುವ ಮೇಜು ಬೇಕು ಎಂದು ಕಾಗದದ ಮೇಲೆ ಲೆಕ್ಕ ಹಾಕಿದರು. ಮೇಜಿನ ಕಾಲ ಕೆಳಗೆ ತಗಡಿನ ಚೂರುಗಳನ್ನಿಟ್ಟು, ರಸಮಟ್ಟದಿಂದ ಅಳೆದು, ಕೂದಲೆಳೆಯಷ್ಟೂ ವಾಲದಂತೆ ನಿಲ್ಲಿಸಿದರು. ನಲ್ಲಿಯ ನೀರಿನ ಕ್ಲೋರಿನ್ ಹೋಗಲೆಂದು ಎರಡು ದಿನ ಬಕೆಟ್ಟುಗಳಲ್ಲಿ ನೀರು ಹಿಡಿದಿಟ್ಟರು. ಸೋಸುವ ಫಿಲ್ಟರು ಬಂತು, ಗುಳ್ಳೆಯೆಬ್ಬಿಸುವ ಗಾಳಿಪಂಪು ಬಂತು, ನಾಲ್ಕು ಹಸಿರು ಗಿಡಗಳೂ ಬಂದುವು. ಇಷ್ಟೆಲ್ಲ ಯೋಚಿಸಿದ ಮನುಷ್ಯರು ಯೋಚಿಸದೆ ಬಿಟ್ಟದ್ದು ಒಂದೇ ಒಂದು. ಅದು ಮೀನು.

ಶನಿವಾರ ಮೂವರೂ ಶಿವಾಜಿನಗರದ ಬಸ್ಸು ಹತ್ತಿದೆವು. ರಸೆಲ್ ಮಾರ್ಕೆಟ್ಟಿನ ಆಸುಪಾಸಿನ ಗಲ್ಲಿಗಳನ್ನು ನೋಡದವರಿಗೆ ಅದನ್ನು ವರ್ಣಿಸಿ ಪ್ರಯೋಜನವಿಲ್ಲ; ನೋಡಿದವರಿಗೆ ವರ್ಣಿಸಬೇಕಾಗಿಲ್ಲ. ಹೂವು, ಹಣ್ಣು, ಕುರಿ, ಕೋಳಿ, ಗಿಳಿಪಂಜರ ಇವೆಲ್ಲ ದಾಟಿ ಹೋದರೆ, ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಪಾತಾಳಲೋಕ ಹೊಕ್ಕಂತೆ ತಣ್ಣಗೆ, ನೀಲಿಯಾಗಿ ಬೆಳಗುವ ಒಂದು ಅಂಗಡಿ. ನೆಲದಿಂದ ಸೂರಿನವರೆಗೆ ಗಾಜು, ಗಾಜಿನ ತುಂಬ ಬಣ್ಣ. ಪುಟ್ಟಿ ಬಂದ ಮೇಲೆ ಮೊದಲ ಬಾರಿ ಬಾಯಿ ತುಂಬ ನಕ್ಕಳು. ಅವಳು ತೋರಿಸಿದ್ದನ್ನೆಲ್ಲ ನಾವು ಕೊಂಡೆವು ಎಂದು ಹೇಳಿದರೆ ಮುಂದಿನ ಕಥೆಯನ್ನು ತಿಳಿದವರು ಊಹಿಸಬಲ್ಲರು.

ಕೊಂಡದ್ದು ಹದಿನೈದು. ಎರಡು ಹೊನ್ನಮೀನು, ಎಂದರೆ ಗೋಲ್ಡ್‌ಫಿಷ್. ರೂಪಾಯಿ ಬಿಲ್ಲೆಯಷ್ಟಗಲದ ಎರಡು ಏಂಜೆಲ್ ಮೀನು. ನೀಲಿ ಕೆಂಪು ಗೆರೆಯ ಆರು ನಿಯಾನ್. ಬಣ್ಣದ ಬೀಸಣಿಗೆಯಂಥ ಬಾಲದ ನಾಲ್ಕು ಗಪ್ಪಿ. ಒಂಟಿಯಾಗಿ ಒಂದು ಚಿಕ್ಕ ಸೀಸೆಯಲ್ಲಿದ್ದ ಒಂದು ಫೈಟರ್. "ಇವೆಲ್ಲ ಒಟ್ಟಿಗೆ ಇರುತ್ತವೆಯೇನಪ್ಪ?" ಎಂದು ನಾನು ಕೇಳದಿರಲಿಲ್ಲ. ಅಂಗಡಿಯಾತ ಚೀಲಗಳಿಗೆ ಗಾಳಿ ತುಂಬಿ ರಬ್ಬರಿನ ಉಂಗುರ ಬಿಗಿಯುತ್ತ, "ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ ಅಮ್ಮ, ಆರಾಮಾಗಿ ಇರುತ್ತವೆ" ಎಂದ. ಮೀನುಗಳ ಲೋಕದಲ್ಲಿ ಗಂಡಿನ ಕಡೆಯ ದಲ್ಲಾಳಿಯೂ ಅವನೇ, ಹೆಣ್ಣಿನ ಕಡೆಯ ದಲ್ಲಾಳಿಯೂ ಅವನೇ. ನಮ್ಮ ಕಡೆ ಒಂದು ಮದುವೆಗೆ ಮೂವತ್ತಾರು ಗುಣದಲ್ಲಿ ಹದಿನೆಂಟಾದರೂ ಕೂಡಿಬರಬೇಕೆಂದು ಸಾಲಾವಳಿ ನೋಡುತ್ತೇವೆ. ಐದು ಜಾತಿ, ಹದಿನೈದು ಜೀವ, ಐವತ್ತು ಲೀಟರು ನೀರು, ಇದಕ್ಕೆ ಒಬ್ಬ ವ್ಯಾಪಾರಿಯ ಒಂದು ಮಾತು ನಮಗೆ ಸಾಕಾಯಿತು!

ಮೂರು ದಿನ ಸ್ವರ್ಗ. ನಾಲ್ಕನೆಯ ದಿನ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಮಬ್ಬಾಯಿತು. ಹೊನ್ನಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಏದುತ್ತಿದ್ದುವು. ಫೈಟರ್ ಮಹಾಶಯನಿಗೆ ಗಪ್ಪಿಯ ಬೀಸಣಿಗೆ ಬಾಲ ಕಂಡು ಇದೂ ತನ್ನ ಕುಲದ ಎದುರಾಳಿಯೆಂಬ ಭ್ರಮೆ; ಸಂಜೆಯ ಹೊತ್ತಿಗೆ ಗಪ್ಪಿಗಳ ಬಾಲ ಹಳೆಯ ಪೊರಕೆಯಾಗಿತ್ತು. ಐದನೆಯ ಬೆಳಗ್ಗೆ ಎಣಿಸಿದರೆ ನಿಯಾನ್ ಆರಿಲ್ಲ, ನಾಲ್ಕು. ಹೆಣವೂ ಇಲ್ಲ. ಆ ರಹಸ್ಯ ನನಗೆ ಬಿಡಿಸಿದ್ದು ಮರುದಿನ ಮುಂಜಾನೆ, ದೀಪ ಹಾಕಿದಾಗ: ಹೊನ್ನಮೀನಿನ ತುಟಿಯಂಚಿನಿಂದ ನೀಲಿ ಗೆರೆಯ ಒಂದು ಪುಟ್ಟ ಬಾಲ ಹೊರಗಿಣುಕುತ್ತಿತ್ತು.

ಪುಟ್ಟಿ ಎದ್ದು ಬಂದು ಎಣಿಸಿದಳು. "ಅಜ್ಜೀ, ಇನ್ನು ಮೂರು ಎಲ್ಲಿ?"

ನಾನು ಹೇಳಿದೆ: "ಗಿಡದ ಹಿಂದೆ ಬಚ್ಚಿಟ್ಟುಕೊಂಡಿವೆ ಕಂದ."

ಆ ಮೇಲೆ ಎರಡು ವಾರ ನಾನೂ ನಮ್ಮವರೂ ಕಳ್ಳರಂತೆ ಬದುಕಿದೆವು. ಮಗು ಏಳುವ ಮುನ್ನ ನಾವು ಏಳುವುದು, ನಾನು ಕರೆಯೋಲೆಯ ದೊನ್ನೆ ಹಿಡಿಯುವುದು, ಅವರು ಹಿತ್ತಲಿನ ದಾಸವಾಳದ ಕುಂಡದಲ್ಲಿ ಗುಳಿ ತೋಡುವುದು. ಪುಟ್ಟಿ ದಿನವೂ ತೊಟ್ಟಿಯ ಮುಂದೆ ಮಂಡಿಯೂರಿ ಕುಳಿತು, ತಲೆಯನ್ನು ಈ ಕಡೆ ಆ ಕಡೆ ವಾಲಿಸಿ, ಗಿಡಗಳ ಹಿಂದೆ ಹುಡುಕುತ್ತಿದ್ದಳು. "ನನ್ನ ಹೆಜ್ಜೆ ಸದ್ದಿಗೆ ಹೆದರುತ್ತವೆ" ಎಂದು ತುದಿಗಾಲಲ್ಲಿ ನಡೆಯಲೂ ಕಲಿತಳು. ಮೂರನೆಯ ವಾರದ ಕೊನೆಗೆ ಹದಿನೈದರಲ್ಲಿ ಉಳಿದದ್ದು ಮೂರು: ಒಂದು ಹೊನ್ನಮೀನು, ಒಂದು ಏಂಜೆಲ್, ಮತ್ತು ಫೈಟರ್.

ಒಂದು ಸಂಜೆ ಆಸ್ಪತ್ರೆಯಿಂದ ಅಳಿಯಂದಿರ ಫೋನು ಬಂತು. ರಕ್ತದೊತ್ತಡ ಇಳಿಯುತ್ತಿಲ್ಲ, ದಿನ ತುಂಬುವವರೆಗೆ ಕಾಯುವುದೋ ಬೇಡವೋ ಎಂದು ವೈದ್ಯರು ನಾಳೆ ನಿರ್ಧರಿಸುತ್ತಾರೆ ಎಂದರು. ನಾನು "ಹೂಂ, ಹೂಂ" ಎಂದು ಫೋನು ಇಟ್ಟು, ಮುಖ ಒರೆಸಿಕೊಂಡು, ಪುಟ್ಟಿಯ ಕಡೆ ತಿರುಗಿ, "ಅಮ್ಮ ಚೆನ್ನಾಗಿದ್ದಾಳಂತೆ, ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳಂತೆ" ಎಂದೆ.

ಅವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಅಮ್ಮನೂ ಗಿಡದ ಹಿಂದೆ ಇದ್ದಾಳಾ ಅಜ್ಜಿ?" ಎಂದಳು.

ಆಗ ಒಂದು ವಿಮಾನವಾದರೂ ಹಾರಬಾರದಿತ್ತೇ ಎನ್ನಿಸಿತು. ಹಾರಲಿಲ್ಲ.

ಅವಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ದಾಸವಾಳದ ಕುಂಡ ತೋರಿಸಿದೆ. ಹನ್ನೆರಡು, ಎಂದು ಸಂಖ್ಯೆಯನ್ನೂ ಹೇಳಿದೆ. ಅಮ್ಮನಿಗೆ ಏನಾಗಿದೆ ಎಂಬುದನ್ನು ಏಳು ವರ್ಷದವಳಿಗೆ ಅರ್ಥವಾಗುವ ಮಾತಿನಲ್ಲಿ, ಆದರೆ ಏನನ್ನೂ ಬಿಡದೆ ಹೇಳಿದೆ. ಅವಳು ಅತ್ತಳು. ಆ ಮೇಲೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೀನು ಸತ್ತುವೆಂದಲ್ಲ, ಇಲ್ಲದ ಮೀನನ್ನು ತಾನು ಎರಡು ವಾರ ತುದಿಗಾಲಲ್ಲಿ ಹುಡುಕುತ್ತಿದ್ದಾಗ ನಾನು ನೋಡಿಕೊಂಡು ಸುಮ್ಮನಿದ್ದೆನೆಂದು. ಮರುದಿನ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಾಯಿ ಮಗಳು ಅರ್ಧ ಗಂಟೆ ಒಟ್ಟಿಗಿದ್ದರು. ನಾನು ಹೊರಗೆ ಕುಳಿತಿದ್ದೆ. ವಾರದೊಳಗೆ ಗಂಡು ಮಗು ಹುಟ್ಟಿತು, ದಿನ ತುಂಬುವ ಮೊದಲೇ, ಎರಡು ಕಿಲೋ ಸಹ ಇರಲಿಲ್ಲ. ತಮ್ಮನನ್ನು ಬೆಚ್ಚಗಿರಲೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆಂದು ಕೇಳಿದೊಡನೆ ಪುಟ್ಟಿ ಗಾಬರಿಯಿಂದ ಕೇಳಿದ ಮೊದಲ ಪ್ರಶ್ನೆ: "ಅವನೊಬ್ಬನೇ ತಾನೆ?"

ನಮ್ಮವರು ಅಂದಿನಿಂದ ಕನ್ನಡಕ ಏರಿಸಿ ಓದಲು ಕುಳಿತರು. "ಕಾರ್ಖಾನೆಯಲ್ಲಿ ಒಂದು ಮೊಳೆ ಸೇರಿಸಬೇಕಾದರೂ ಅದು ಯಾವುದರ ಪಕ್ಕದಲ್ಲಿ ಕೂಡುತ್ತದೆಂದು ನೋಡುತ್ತಿದ್ದೆವು. ಇಲ್ಲಿ ಮಾತ್ರ ನೋಡಲಿಲ್ಲ" ಎಂದು ಅವರ ಪಶ್ಚಾತ್ತಾಪ. ಅವರು ಓದಿ ಹೇಳಿದ್ದನ್ನೂ ನಾನು ಆ ಮೇಲೆ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ. ತೊಟ್ಟಿ ಇಡಬೇಕೆಂದಿರುವ ಗೃಹಸ್ಥರಿಗೆ ಉಪಯೋಗಕ್ಕೆ ಬಂದರೆ ದಾಸವಾಳದ ಕುಂಡಗಳಿಗೆ ಕೆಲಸ ಕಡಿಮೆಯಾದೀತು.

ನಮ್ಮ ಮೊದಲ ಪಾತಕ ಮೀನನ್ನು ಆರಿಸಿದ್ದರಲ್ಲಿ ಅಲ್ಲ, ಹೊಸ ನೀರಿಗೆ ಒಮ್ಮೆಲೇ ಹದಿನೈದು ಜೀವ ಬಿಟ್ಟದ್ದರಲ್ಲಿ ಇತ್ತು. ಮೀನಿನ ಉಸಿರಾಟ, ಮಲ, ತಿನ್ನದೆ ಉಳಿದ ಆಹಾರ ಇವುಗಳಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಹೊಳೆಯಲ್ಲಿ ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಕಣ್ಣಿಗೆ ಕಾಣದ ಒಂದು ಬಗೆಯ ಸೂಕ್ಷ್ಮಜೀವಿ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೇಡಿನದಲ್ಲ, ಗಿಡಗಳಿಗೆ ಗೊಬ್ಬರ. ಈ ಎರಡು ವಂಶಗಳೂ ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಾವು ಕೊಟ್ಟದ್ದು ಎರಡು ದಿನ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗಾಜಿನ ಪಾತ್ರೆಯಲ್ಲಿ ಎರಡು ಹೊನ್ನಮೀನು, ಒಂದು ಜಲಸಸ್ಯ, ಕೆಲವು ಬಸವನಹುಳು ಇಟ್ಟು, ಒಂದರ ಕೊಳೆ ಇನ್ನೊಂದರ ಆಹಾರವಾಗುವಂತೆ ಸಮತೋಲ ಸಾಧಿಸಿ ತೋರಿಸಿದ್ದನಂತೆ. ಎರಡು ಮೀನಿಗೆ ಅಷ್ಟು ಯೋಚನೆ!

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ನಾವು ದೊಡ್ಡ ಪ್ರಮಾಣದಲ್ಲಿ ಮೊದಲೇ ನೋಡಿದ್ದೆವು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಒಳಬಂದ ಕೊಳಚೆ ನೀರು, ಉಸಿರಾಡಲು ಸಾಲದ ಆಮ್ಲಜನಕ. ಬಸ್ಸಿನ ಕಿಟಕಿಯಿಂದ ಮೂಗು ಮುಚ್ಚಿಕೊಂಡು ನೋಡಿ, ಯಾರು ಯಾರನ್ನೋ ಬೈದುಕೊಂಡು ಹೋದವಳು ನಾನು. ಅದೇ ಮಾರ್ಚಿಯ ಸೆಕೆಯಲ್ಲಿ, ನನ್ನ ಪಡಸಾಲೆಯಲ್ಲಿ, ಐವತ್ತು ಲೀಟರಿನ ಹಲಸೂರು ಕೆರೆಯೊಂದನ್ನು ನಾನೇ ಮಾಡಿದ್ದೆ.

ಇನ್ನು ಸಾಲಾವಳಿಯ ಮಾತು. ಅಂಗಡಿಯ ಮೀನುಗಳೆಲ್ಲ ಮಕ್ಕಳು. ಹೊನ್ನಮೀನು ಚೀನಾ ದೇಶದಲ್ಲಿ ಸಾವಿರ ವರ್ಷದಿಂದ ಸಾಕಿ ಬೆಳೆಸಿದ ಕಾರ್ಪು ಜಾತಿ. ಚೆನ್ನಾಗಿ ಸಾಕಿದರೆ ಗೇಣುದ್ದ ಬೆಳೆಯುತ್ತದೆ, ತಂಪು ನೀರು ಬೇಡುತ್ತದೆ, ಬಕಾಸುರನಂತೆ ತಿಂದು ಅಷ್ಟೇ ಕೊಳೆ ಮಾಡುತ್ತದೆ, ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ. ಏಂಜೆಲ್ ಎಂದರೆ ದೇವದೂತ. ಹೆಸರು ಕೇಳಿ ನಾವು ದೇವಗಣವೆಂದೇ ನಂಬಿದ್ದೆವು. ಅದು ಅಮೆಜಾನ್ ಪ್ರದೇಶದ ಬೇಟೆಗಾರ. ರೆಕ್ಕೆ ಸೇರಿ ಅಂಗೈಗಿಂತ ಎತ್ತರವಾಗಿ ಬೆಳೆಯುತ್ತದೆ, ಬೆಳೆದ ಮೇಲೆ ನಿಯಾನ್ ಮೀನನ್ನು ಫಲಾಹಾರವೆಂದೇ ಭಾವಿಸುತ್ತದೆ. ಫೈಟರ್ ಸಯಾಂ ದೇಶದ ಗದ್ದೆನೀರಿನವನು, ಶುದ್ಧ ರಾಕ್ಷಸಗಣ. ಆದರೆ ಒಂಟಿಯಾಗಿಟ್ಟರೆ ಅವನಷ್ಟು ಸಂಭಾವಿತರಿಲ್ಲ. ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲನಾದ್ದರಿಂದ ನಮ್ಮ ವಿಷದ ನೀರಿನಲ್ಲಿಯೂ ಬದುಕಿಕೊಂಡ. ಅಂಗಡಿಗಳಲ್ಲಿ ಅವನನ್ನು ಉಪ್ಪಿನಕಾಯಿ ಸೀಸೆಯಲ್ಲಿಡುವುದು ಇದೇ ಕಾರಣಕ್ಕೆ. ಸಾಯುವುದಿಲ್ಲ ಎಂಬುದು ಸುಖವಾಗಿದ್ದಾನೆ ಎಂಬುದಕ್ಕೆ ಸಾಕ್ಷಿಯಾಗದು.

ನಿಯಾನ್ ಮೀನಿನ ಕಥೆ ಕೇಳಿ ನನಗೆ ನಿಜವಾಗಿ ನೋವಾಯಿತು. ಪೆರು ದೇಶದ ಅಮೆಜಾನ್ ಕಾಡಿನ ತೊರೆಗಳಲ್ಲಿ ಸಿಕ್ಕಿ 1936ರಲ್ಲಿ ಶಾಸ್ತ್ರೀಯ ನಾಮಕರಣವಾದ ಮೀನು ಅದು. ಅಲ್ಲಿಯ ನೀರು ಎಲೆ ಕೊಳೆತು ಚಹದ ಬಣ್ಣಕ್ಕೆ ತಿರುಗಿದ, ಸುಣ್ಣದಂಶವೇ ಇಲ್ಲದ ಮೆದು ನೀರು. ನಮ್ಮದು ಕೊಳವೆ ಬಾವಿಯ ನೀರು. ತೊಗರಿಬೇಳೆ ಬೇಯಿಸಲು ಹೋದರೆ ಮಧ್ಯಾಹ್ನವಾಗುತ್ತದೆ, ಬಿಸಿನೀರಿನ ಪಾತ್ರೆಯ ತಳದಲ್ಲಿ ವಾರಕ್ಕೊಂದು ಸಲ ಬಿಳಿಯ ಹಕ್ಕಳೆ ಕೆರೆದು ತೆಗೆಯಬೇಕು. ನೀರಿನ ಗಡಸುತನ ಅಳೆಯಲು ಯಾವ ಉಪಕರಣವೂ ಬೇಡ, ಗೃಹಿಣಿಯನ್ನು ಕೇಳಿದರೆ ಸಾಕು. ಆದರೆ ನನ್ನನ್ನು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಗಪ್ಪಿಗಾದರೋ ಗಡಸು ನೀರೇ ಹಿತ. ಟ್ರಿನಿಡಾಡ್ ದ್ವೀಪದಿಂದ ಅದನ್ನು ಲಂಡನ್ನಿನ ಮ್ಯೂಸಿಯಂಗೆ ಕಳುಹಿಸಿದ ಗಪ್ಪಿ ಎಂಬಾತನ ಹೆಸರು ಅದಕ್ಕೆ ಅಂಟಿದ್ದು 1866ರಲ್ಲಿ. ನಮ್ಮ ರಾಜ್ಯದ ಹಳ್ಳಿಗಳ ಬಾವಿಗಳಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನಿಸಿ ಮಲೇರಿಯಾ ತಡೆಯಲು ಬಿಟ್ಟಾಗ ಬದುಕಿ, ಬೆಳೆದು, ಕೆಲಸ ಮಾಡಿ ತೋರಿಸಿದ ಗಟ್ಟಿ ಮೀನು ಅದು. ಅಂಥದ್ದನ್ನೂ ಕೊಂದವರು ನಾವು! ಗಪ್ಪಿ ಸಾಕುವವರಿಗೆ ಒಂದು ಎಚ್ಚರಿಕೆ: ಗಂಡು ಮೀನುಗಳನ್ನು ಮಾತ್ರ ತನ್ನಿ. ಒಂದೇ ಒಂದು ಹೆಣ್ಣಿದ್ದರೂ, ಅಂಗಡಿಯಲ್ಲಿ ಒಮ್ಮೆ ಕೂಡಿದ ಬಲದಿಂದಲೇ ತಿಂಗಳುಗಟ್ಟಲೆ ಮರಿ ಹಾಕುತ್ತ ಹೋಗುತ್ತದೆ. ಆಮೇಲೆ ಬಂಧುಬಳಗದವರೆಲ್ಲ ನಿಮ್ಮ ಮನೆಗೆ ಬರಲು ಹೆದರುತ್ತಾರೆ, ಹೊರಡುವಾಗ ತಾಂಬೂಲದ ಜೊತೆ ಒಂದು ಸೀಸೆ ಗಪ್ಪಿ ಕೊಟ್ಟುಬಿಟ್ಟೀರೆಂದು.

ಮೀನಿಗೆ ಮೀನು ಹೊಂದಬೇಕೆಂದರೆ ಮೊದಲು ಅವೆರಡೂ ಒಂದೇ ನೀರಿಗೆ ಹೊಂದಬೇಕು ಎಂಬುದು ನಮ್ಮವರ ಅಧ್ಯಯನದ ಸಾರ. ಬಿಸಿಯ ಅಳತೆ ಒಂದೇ ಇರಬೇಕು, ಗಡಸುತನ ಒಂದೇ ಇರಬೇಕು. ಆ ಮೇಲೆ ಬಾಯಿಯ ಅಳತೆ ನೋಡಬೇಕು. ದೊಡ್ಡದರ ಬಾಯಲ್ಲಿ ಚಿಕ್ಕದು ಹಿಡಿಸುವಂತಿದ್ದರೆ ಸ್ವಭಾವ ಎಷ್ಟು ಸಾತ್ವಿಕವಾಗಿದ್ದರೂ ಪ್ರಯೋಜನವಿಲ್ಲ. ಸ್ವಭಾವ ನೋಡುವುದು ಆಮೇಲಿನ ಮಾತು. ಅದೂ ಸಂಖ್ಯೆಯ ಮೇಲೆ ನಿಂತಿದೆ: ಟೈಗರ್ ಬಾರ್ಬ್ ಎಂಬ ಪಟ್ಟೆಮೀನನ್ನು ಎರಡೋ ಮೂರೋ ಇಟ್ಟರೆ ನೆರೆಯವರ ರೆಕ್ಕೆಯನ್ನೆಲ್ಲ ಕಚ್ಚಿ ಹರಿಯುತ್ತದೆ, ಎಂಟು ಹತ್ತು ಇಟ್ಟರೆ ಹೆಚ್ಚು ಪಾಲು ತಮ್ಮತಮ್ಮೊಳಗೇ ವ್ಯಾಜ್ಯ ತೀರಿಸಿಕೊಳ್ಳುತ್ತವೆ. ಗುಂಪಿನ ಮೀನನ್ನು ಒಂಟಿಯಾಗಿಡುವುದು, ಒಂಟಿ ಮೀನನ್ನು ಗುಂಪಿನಲ್ಲಿಡುವುದು ಎರಡೂ ಒಂದೇ ಬಗೆಯ ಹಿಂಸೆ. ಮಗಳು ಚಿಕ್ಕವಳಿದ್ದಾಗ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಒಂದೊಂದು ಜಾತಿಗೆ ಒಂದೊಂದು ತೊಟ್ಟಿ ಕಂಡು, ಹೆಸರು ಓದಲು ಅನುಕೂಲವಾಗಲೆಂದು ಹೀಗೆ ಮಾಡಿದ್ದಾರೆ ಎಂದು ನಾನು ಆಕೆಗೆ ವಿವರಿಸಿದ್ದೆ!

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂದೇ ಒಂದು ಭಾಗವಿದೆಯೆಂದು ಈ ಸಂದರ್ಭದಲ್ಲಿ ತಿಳಿಯಿತು. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಹುರುಪೆಯಿದೆ, ಯಾವುದಕ್ಕಿಲ್ಲ, ಯಾವುದಕ್ಕೆ ಯಾವ ತಿನಿಸು ಕಲಸಿ ಹಾಕಬೇಕು ಎಂದೆಲ್ಲ ರಾಜನೇ ವಿಂಗಡಿಸಿ ಹೇಳಿದ್ದಾನೆ. ಸುಮಾರು ಒಂಬತ್ತುನೂರು ವರ್ಷದ ಹಿಂದೆ ನಮ್ಮ ನಾಡಿನಲ್ಲಿಯೇ ಇಷ್ಟು ತಿಳಿದಿತ್ತೆಂದು ಹೆಮ್ಮೆಪಟ್ಟೆ. ಅಷ್ಟು ಅಕ್ಕರೆಯಿಂದ ತಿನ್ನಿಸುವುದು ಗಾಳಕ್ಕೆ ಬೀಳಿಸಲಿಕ್ಕೆಂದು ಮುಂದೆ ಓದಿದ ಮೇಲೆ ಹೆಮ್ಮೆ ಸ್ವಲ್ಪ ಇಳಿಯಿತು.

ಉಳಿದ ಮೂವರಿಗೆ ನೆಲೆ ಕಾಣಿಸಬೇಕಾಗಿತ್ತು. ಕೆರೆಗೆ ಬಿಟ್ಟುಬನ್ನಿರೆಂದು ಸಲಹೆ ಕೊಟ್ಟವರು ಬಹಳ ಮಂದಿ. ಅದು ಪುಣ್ಯದ ಕೆಲಸವಲ್ಲ. ತೊಟ್ಟಿಯ ಗಾಜು ತಿಕ್ಕಲೆಂದು ತಂದ ಸಕ್ಕರ್ ಮೀನು ಬೆಳೆದು ಮೊಳದುದ್ದವಾದಾಗ ಹೀಗೆಯೇ ಬಿಟ್ಟವರಿಂದ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಹಬ್ಬಿ, ಊರ ಮೀನಿಗೆ ಕಂಟಕವಾಗಿದೆ. ಏಂಜೆಲ್ ಮುರುಗೇಶಪಾಳ್ಯದ ಪರಿಚಿತರೊಬ್ಬರ ನಾಲ್ಕಡಿಯ ತೊಟ್ಟಿಗೆ ಹೋಯಿತು. ಹೊನ್ನಮೀನಿಗೆ ಒಂದು ಮನೆಯ ಹಿತ್ತಲಿನಲ್ಲಿ ದೊಡ್ಡ ಸಿಮೆಂಟಿನ ತೊಟ್ಟಿ ಸಿಕ್ಕಿತು. ಫೈಟರನಿಗೆ ಹದಿನೈದು ಲೀಟರಿನ ಚೌಕದ ಗಾಜಿನ ಪಾತ್ರೆ ತಂದು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟೆ. ನಾನು ಹೊಲಿಯುವಾಗ ಅವನು ಸೂಜಿಯ ಏರಿಳಿತವನ್ನೇ ನೋಡುತ್ತಿದ್ದ.

ಆ ಬಳಿಕ ಆರು ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಕಂಡು ನೆರೆಹೊರೆಯವರು ನಮ್ಮವರ ಬುದ್ಧಿಯ ವಿಷಯದಲ್ಲಿ ನನಗೆ ಸಂತಾಪ ಸೂಚಿಸಿದರು. ಸೂಕ್ಷ್ಮಜೀವಿಗಳು ಬೆಳೆಯಬೇಕಾದರೆ ಅಮೋನಿಯಾ ಬೇಕು. ಅಮೋನಿಯಾ ಹುಟ್ಟಬೇಕಾದರೆ ಏನಾದರೂ ಕೊಳೆಯಬೇಕು. ಆದ್ದರಿಂದ ಅವರು ದಿನವೂ ಬೆಳಗ್ಗೆ ಸ್ನಾನ ಮಾಡಿ ಬಂದು, ಒಂದೂ ಮೀನಿಲ್ಲದ ತೊಟ್ಟಿಗೆ ಒಂದು ಚಿಟಿಕೆ ಮೀನಿನ ಆಹಾರ ನೈವೇದ್ಯ ಮಾಡುತ್ತಿದ್ದರು. ಮೂರು ದಿನಕ್ಕೊಮ್ಮೆ ಅಜ್ಜ ಮೊಮ್ಮಗಳು ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಪರೀಕ್ಷೆಯ ದ್ರವದ ಹನಿ ಬಿಟ್ಟು, ಬಣ್ಣ ನೋಡಿ ಪಟ್ಟಿಗೆ ಬರೆಯುವರು. ಹಸಿರು ಬಂದರೆ ಅಮೋನಿಯಾ ಇದೆ. ಮೇ ತಿಂಗಳ ಕೊನೆಗೆ ಒಂದು ದಿನ ನಳಿಕೆಯ ನೀರು ಹಳದಿಯಾಗಿಯೇ ಉಳಿಯಿತು, ನೈಟ್ರೈಟೂ ಇಲ್ಲ. ಪುಟ್ಟಿ ಆ ನಳಿಕೆಯನ್ನು ಆಸ್ಪತ್ರೆಯಿಂದ ಬಂದಿದ್ದ ತಾಯಿಗೂ, ಅವಳ ತೊಡೆಯ ಮೇಲಿದ್ದ ಎರಡೂವರೆ ಕಿಲೋ ತೂಕದ ತಮ್ಮನಿಗೂ ಹಿಡಿದು ತೋರಿಸಿದಳು.

ಮತ್ತೆ ಶಿವಾಜಿನಗರ. ಈ ಸಲ ಪುಟ್ಟಿಯ ಕಣ್ಣು ಬಿದ್ದದ್ದು ಕೆಂಪು ಕಪ್ಪು ಗೆರೆಯ ಒಂದು ಸುಂದರಿಯ ಮೇಲೆ. ವ್ಯಾಪಾರದಲ್ಲಿ ಅದಕ್ಕೆ ಮಿಸ್ ಕೇರಳ ಎಂದು ಹೆಸರು. 1865ರಲ್ಲಿ ಫ್ರಾನ್ಸಿಸ್ ಡೇ ಎಂಬಾತ ಅದನ್ನು ವರ್ಣಿಸಿ ಆಗಿನ ಮದರಾಸಿನ ಗವರ್ನರ್ ಡೆನಿಸನ್ನನ ಹೆಸರಿಟ್ಟ. ಪಶ್ಚಿಮ ಘಟ್ಟದ ರಭಸದ ಹೊಳೆಗಳ ಮೀನು. ಗುಂಪಾಗಿ ಓಡಾಡಲು ಉದ್ದದ ನೀರು ಬೇಕು, ಬೆಳೆದರೆ ಅರ್ಧ ಗೇಣಿಗೂ ಮೇಲೆ. ತೊಟ್ಟಿಗಳಿಗೆಂದು ಹಿಡಿದು ಹಿಡಿದು ಈಗ ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ನಮ್ಮವರು ಬಾಯಿ ತೆರೆಯುವ ಮೊದಲೇ ಪುಟ್ಟಿ ತಾನೇ, "ಅಜ್ಜ, ಇದು ನಮ್ಮ ನೀರಿನದ್ದಲ್ಲ ಅಲ್ಲವಾ?" ಎಂದು ಮುಂದಕ್ಕೆ ನಡೆದಳು. ಅಂಗಡಿಯಾತ ಅವಳನ್ನೇ ದಿಟ್ಟಿಸಿ ನೋಡಿದ.

ಕೊಂಡದ್ದು ಆರು ಜೀಬ್ರಾ ಮೀನು. ಬೆರಳುದ್ದವೂ ಇಲ್ಲ, ಬೆಲೆಯೂ ಬಲು ಅಗ್ಗ, ನೀಲಿ ಗೆರೆಯ ಸಾಧಾರಣ ಮೀನು. ಮೊದಲ ಸಲ ಹೋದಾಗ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ನಮ್ಮ ದೇಶದ್ದೇ ಮೀನು, ತೊರೆಯಲ್ಲೂ ಗದ್ದೆಯ ಕಾಲುವೆಯಲ್ಲೂ ಬದುಕುವಂಥದು. ಬೆಂಗಳೂರಿನ ಡಿಸೆಂಬರಿನ ಚಳಿಗೂ ನಮ್ಮ ಬೇಳೆ ಬೇಯದ ನೀರಿಗೂ ಜಗ್ಗದು. ಇದರ ಹೃದಯಕ್ಕೆ ಗಾಯವಾದರೆ ತಾನೇ ಮತ್ತೆ ಬೆಳೆಸಿಕೊಳ್ಳಬಲ್ಲುದೆಂದು ಲೋಕದ ವಿಜ್ಞಾನಿಗಳೆಲ್ಲ ಇದನ್ನು ಪ್ರಯೋಗಶಾಲೆಯಲ್ಲಿ ಸಾಕುತ್ತಾರೆ, ನಮ್ಮ ಬೆಂಗಳೂರಿನಲ್ಲೂ. 2013ರಲ್ಲಿ ಇದರ ವಂಶವಾಹಿಗಳ ಪಟ್ಟಿ ಪೂರ್ತಿಯಾಗಿ ಪ್ರಕಟವಾದಾಗ, ಮನುಷ್ಯನ ನೂರರಲ್ಲಿ ಎಪ್ಪತ್ತು ವಂಶವಾಹಿಗಳಿಗೆ ಸರಿಜೋಡಿ ಇದರಲ್ಲಿಯೂ ಇದೆಯೆಂದು ತಿಳಿಯಿತಂತೆ. ಸಾಲಾವಳಿಯಲ್ಲಿ ನಮಗಿಂತ ಹೆಚ್ಚು ಗುಣ ಕೂಡಿದ ಸಂಬಂಧ ಎಂದು ನಮ್ಮವರು ನನ್ನ ಕಡೆ ನೋಡಿ ಹೇಳಿದರು. ನಮ್ಮದು ಕೂಡಿದ್ದು ಹತ್ತೊಂಬತ್ತು.

ಮೂರು ವಾರ ಬಿಟ್ಟು, ನೀರು ಪರೀಕ್ಷಿಸಿ, ತಳದಲ್ಲಿ ಓಡಾಡುವ ಐದು ಕೋರಿ ಮೀನು ತಂದೆವು. ಜೀಬ್ರಾಗಳು ಮೇಲಿನ ನೀರಿನಲ್ಲಿ, ಮೀಸೆಯ ಕೋರಿಗಳು ಮರಳಿನ ಮೇಲೆ. ದಾರಿಗೆ ದಾರಿ ಅಡ್ಡವಿಲ್ಲ. ಕೋರಿ ತಳದ ಕೊಳೆ ತಿಂದೇ ಬದುಕುತ್ತದೆಂದು ಅಂಗಡಿಗಳಲ್ಲಿ ಹೇಳುತ್ತಾರೆ, ನಂಬಬೇಡಿ. ಜೀಬ್ರಾಗಳು ಪಂಕ್ತಿಯಲ್ಲಿ ಮೊದಲು ಕುಳಿತು ಎಲ್ಲವನ್ನೂ ಮುಗಿಸಿಬಿಡುವ ಜಾತಿ, ಆದ್ದರಿಂದ ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆಯನ್ನು ಕೋರಿಗಳಿಗೆ ಬೇರೆಯಾಗಿ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸುತ್ತೇವೆ. ತೆಗೆದ ನೀರು ದಾಸವಾಳಕ್ಕೆ.

ಜೀಬ್ರಾಗಳನ್ನು ಮೊದಲು ಬಿಟ್ಟ ರಾತ್ರಿ ಪುಟ್ಟಿ ಮಲಗಲೇ ಇಲ್ಲ. ಚೀಲವನ್ನು ಕಾಲು ಗಂಟೆ ನೀರಿನಲ್ಲಿ ತೇಲಿಸಿಟ್ಟು, ಬಿಸಿ ಹೊಂದಿದ ಮೇಲೆ ಬಿಟ್ಟಿದ್ದೆವು. ಹತ್ತು ಗಂಟೆಗೆ ಎಣಿಸಿದಳು, ಆರು. ಹನ್ನೊಂದಕ್ಕೆ ಎಣಿಸಿದಳು, ಆರು. ಬೆಳಗ್ಗೆ ನನಗಿಂತ ಮೊದಲೇ ಎದ್ದು ಕುಳಿತು, ಹೆಜ್ಜೆಯ ಸದ್ದು ಮಾಡುತ್ತಲೇ ಒಳಗೆ ಬಂದು, "ಆರೂ ಇವೆ ಅಜ್ಜಿ, ಯಾವುದೂ ಬಚ್ಚಿಟ್ಟುಕೊಂಡಿಲ್ಲ" ಎಂದಳು. ಜೂನಿನಲ್ಲಿ ಶಾಲೆ ತೆರೆದು ಅವಳು ತನ್ನ ಮನೆಗೆ ಹೋದಳು.

ಈಗ ಅವಳಿಗೆ ಹತ್ತು ವರ್ಷ. ತಮ್ಮ ಮನೆತುಂಬ ಓಡಾಡಿ ಅವಳ ಪುಸ್ತಕಗಳನ್ನು ಹರಿಯುತ್ತಾನೆ. ಭಾನುವಾರ ಭಾನುವಾರ ಫೋನು ಮಾಡಿದಾಗ ನನ್ನ ಮಂಡಿನೋವು, ಅಜ್ಜನ ಸಕ್ಕರೆ ಇವೆಲ್ಲ ಆಮೇಲೆ, ಮೊದಲ ಪ್ರಶ್ನೆ, "ಎಷ್ಟಿವೆ?" ಜೀಬ್ರಾ ಮೀನಿನ ಆಯುಸ್ಸು ಮೂರು ನಾಲ್ಕು ವರ್ಷ.

"ಐದು" ಎಂದೆ ಕಳೆದ ಭಾನುವಾರ. "ಒಂದು ಮಂಗಳವಾರ ಬೆಳಗ್ಗೆ ಹೋಯಿತು. ಕುಂಡದಲ್ಲಿಟ್ಟಿದ್ದೇವೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎಡಗಡೆಗಾ, ಬಲಗಡೆಗಾ?" ಎಂದು ಕೇಳಿದಳು.